ಮಕ್ಕಳಿಗೆ ಪ್ರವೇಶವಿಲ್ಲ

ವಸ್ತುಸಂಗ್ರಹಾಲಯದಲ್ಲಿ ವಯಸ್ಕರ ಸಂಜೆ ಎಂದರೆ, ಶಾಲಾ ಪ್ರವಾಸದ ಕೊನೆಯ ಬಸ್ಸು ಹೊರಟು, ಕಸ ಗುಡಿಸುವವರು ಕೊನೆಯ ಕುರಕುರೆ ಪಾಕೀಟು ಹೆಕ್ಕಿ ಮುಗಿಸಿದ ಮೇಲೆ, ಅದೇ ಕಟ್ಟಡವನ್ನು ಹದಿನೆಂಟು ದಾಟಿದವರಿಗಾಗಿ ಮತ್ತೊಮ್ಮೆ ತೆರೆಯುವ ಏರ್ಪಾಡು. ದೀಪ ತುಸು ಕಡಿಮೆ, ಸಂಗೀತ ತುಸು ಜಾಸ್ತಿ, ಟಿಕೆಟ್ ದರ ಇನ್ನೂ ಜಾಸ್ತಿ. ಪ್ರತಿ ಸಂಜೆಗೂ ಒಂದು ವಿಷಯ ಗೊತ್ತುಮಾಡುತ್ತಾರೆ. ಈ ಸಲ ವಿಷ ಎಂದಾದರೆ ಮುಂದಿನ ಸಲ ಚಂದ್ರ, ಆಮೇಲೆ ಚಾಕೊಲೇಟು. ವಿಷಯಕ್ಕೆ ತಕ್ಕಂತೆ ಉಪನ್ಯಾಸ, ಉಡುಪು, ಪಾನೀಯ. ಹೆಸರು ಕೇಳಿ ಏನೇನೋ ಕಲ್ಪಿಸಿಕೊಂಡು ಬಂದವರು ಡೈನೋಸಾರಿನ ಪಕ್ಕೆಲುಬಿನ ಕೆಳಗೆ ನಿಂತು ಜೀರ್ಣಕ್ರಿಯೆಯ ಮೇಲೆ ಒಂದು ಉದ್ದನೆಯ ಭಾಷಣ ಕೇಳಿ ಮನೆಗೆ ಹೋಗುತ್ತಾರೆ. ‘ವಯಸ್ಕರಿಗೆ ಮಾತ್ರ’ ಎಂಬ ಬೋರ್ಡಿನ ಕೆಳಗೆ ಇಷ್ಟು ನಿರುಪದ್ರವಿ ಸಂಗತಿ ಬೇರೆಲ್ಲೂ ಸಿಗಲಾರದು.

ಪದ್ಧತಿಯ ಬೇರು ಯುರೋಪಿನಲ್ಲಿದೆ. 1997ರಲ್ಲಿ ಬರ್ಲಿನ್ ನಗರ ‘ಸಂಗ್ರಹಾಲಯಗಳ ದೀರ್ಘ ರಾತ್ರಿ’ಯನ್ನು ಶುರುಮಾಡಿತು. ಒಂದೇ ಟಿಕೆಟ್ಟಿನಲ್ಲಿ ಹಲವು ಸಂಗ್ರಹಾಲಯ, ನಡುನಡುವೆ ಓಡಾಡಲು ಬಸ್ಸು, ಬಾಗಿಲು ಹಾಕುವುದು ಮಧ್ಯರಾತ್ರಿ ದಾಟಿದ ಮೇಲೆ. 2005ರಲ್ಲಿ ಫ್ರಾನ್ಸಿನ ಸಂಸ್ಕೃತಿ ಇಲಾಖೆ ಇದನ್ನೇ ಇಡೀ ಯುರೋಪಿಗೆ ಹಬ್ಬಿಸಿ, ಮೇ 18ರ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನದ ಆಸುಪಾಸಿನ ಒಂದು ಶನಿವಾರವನ್ನು ಅದಕ್ಕೆಂದು ತೆಗೆದಿಟ್ಟಿತು. ಇವೆರಡರಲ್ಲೂ ಮಕ್ಕಳಿಗೆ ಅಡ್ಡಿಯಿರಲಿಲ್ಲ. ಮಕ್ಕಳನ್ನು ಹೊರಗಿಡುವ ಧೈರ್ಯವನ್ನು ವಿಜ್ಞಾನ ಸಂಗ್ರಹಾಲಯಗಳು ಮಾಡಿದವು, ಅವರ ಹಾವಳಿ ಅಲ್ಲೇ ಹೆಚ್ಚಾಗಿದ್ದರಿಂದ. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೋರಟೋರಿಯಂ ಗುರುವಾರದ ಸಂಜೆಯನ್ನು ಹದಿನೆಂಟು ಮೀರಿದವರಿಗೆ ಬಿಟ್ಟುಕೊಟ್ಟಿತು. ಅದೇ ಊರಿನ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿ ಇನ್ನೂ ಬಿಗಿಯಾಗಿ, ಇಪ್ಪತ್ತೊಂದು ತುಂಬಿದವರು ಮಾತ್ರ ಬರಲಿ ಎಂದಿತು. ಲಂಡನ್ನಿನ ಸೈನ್ಸ್ ಮ್ಯೂಸಿಯಂ ತಿಂಗಳಿಗೊಂದು ಬುಧವಾರ ಹಿರಿಯರನ್ನು ಒಳಗೆ ಬಿಟ್ಟು, ಪ್ರತಿಯೊಬ್ಬರ ಕಿವಿಗೂ ಹೆಡ್‌ಫೋನ್ ಹಾಕಿ ಸದ್ದಿಲ್ಲದೆ ಕುಣಿಸಿತು. ಹೆಡ್‌ಫೋನ್ ಇಲ್ಲದೆ ಬದಿಗೆ ನಿಂತು ಇದನ್ನು ನೋಡುವವರಿಗೆ, ದೊಡ್ಡವರಾಗುವುದರಲ್ಲಿ ಅವಸರ ಮಾಡಬಾರದಿತ್ತು ಅನ್ನಿಸುವ ಸಂಭವವಿದೆ.

ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸದ ಸಂಗ್ರಹಾಲಯ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಯಸ್ಕರನ್ನು ರಾತ್ರಿ ಅಲ್ಲೇ ಮಲಗಿಸಿಕೊಂಡಿತು. 94 ಅಡಿ ಉದ್ದದ ನೀಲಿ ತಿಮಿಂಗಿಲದ ಮಾದರಿಯ ಕೆಳಗೆ ಹಾಸಿಗೆ. ತಲೆಗೆ 375 ಡಾಲರ್, ಆಗಿನ ಲೆಕ್ಕದಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿಗೂ ಮೇಲೆ. ಟಿಕೆಟ್ಟುಗಳು ಕೆಲವೇ ತಾಸಿನಲ್ಲಿ ಖಾಲಿಯಾದವು. ಕಲ್ಯಾಣ ಮಂಟಪದ ಜಮಖಾನೆಯ ಮೇಲೆ ಬೀಗರ ಗೊರಕೆ ಕೇಳುತ್ತ ಪುಕ್ಕಟೆ ಮಲಗಿ ಬೆಳೆದ ಉತ್ತರ ಕರ್ನಾಟಕದ ಮಂದಿಗೆ ಈ ದರ ವಿಪರೀತ ಅನ್ನಿಸುವುದು ಸಹಜ. ತಿಮಿಂಗಿಲ ಗೊರಕೆಯನ್ನೂ ಹೊಡೆಯುವುದಿಲ್ಲ.

ವಯಸ್ಕರು ದುಡ್ಡು ಕೊಟ್ಟು ಹೀಗೇಕೆ ಹೋಗುತ್ತಾರೆ ಎಂಬುದಕ್ಕೆ ಕಾರಣ ಹಗಲು ಹೊತ್ತಿನಲ್ಲಿದೆ. ಹಗಲಿನ ಸಂಗ್ರಹಾಲಯಕ್ಕೆ ದೊಡ್ಡವರು ಬರುವುದು ಯಾವುದಾದರೊಂದು ಹುದ್ದೆಯ ಮೇಲೆ. ಮಾಸ್ತರರಾಗಿ ಬಂದರೆ ತಲೆ ಎಣಿಸುತ್ತಾರೆ: ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬಂದಮೇಲೆ ಒಮ್ಮೆ, ಲೆಕ್ಕ ತಪ್ಪಿದರೆ ಶೌಚಾಲಯದ ಮುಂದೆ ಮತ್ತೊಮ್ಮೆ. ತಂದೆತಾಯಿಯಾಗಿ ಬಂದರೆ ಚೀಲ, ನೀರಿನ ಬಾಟಲಿ ಮತ್ತು ಬಿಚ್ಚಿದ ಸ್ವೆಟರ್ ಹೊರುತ್ತಾರೆ. ಊರಿಗೆ ಬಂದ ಬೀಗರಿಗೆ ಊರು ತೋರಿಸುವ ಯಜಮಾನರಾಗಿ ಬಂದರೆ, ತಾವೂ ಮೊದಲ ಸಲ ನೋಡುತ್ತಿರುವುದನ್ನು ಬೀಗರಿಗೆ ಗೊತ್ತಾಗಗೊಡುವುದಿಲ್ಲ. ಯಾರ ಒತ್ತಾಯವೂ ಇಲ್ಲದೆ ಬರುವ ವಯಸ್ಕರೆಂದರೆ ಪ್ರೇಮಿಗಳು. ಪ್ರದರ್ಶನಕ್ಕಿಟ್ಟದ್ದನ್ನು ಎಲ್ಲರಿಗಿಂತ ಕಡಿಮೆ ನೋಡುವವರೂ ಅವರೇ. ಗುಂಡಿ ಒತ್ತಬೇಕು, ಗಾಲಿ ತಿರುಗಿಸಬೇಕು ಎಂಬ ಆಸೆ ಇವರೆಲ್ಲರಿಗೂ ಇರುತ್ತದೆ. ಆದರೆ ಮುಂದೆ ಆರನೇ ಇಯತ್ತೆಯ ಸಾಲು ನಿಂತಿರುವಾಗ ನಲವತ್ತೆಂಟರ ಮನುಷ್ಯ ಗುಂಡಿಗೆ ಕೈ ಚಾಚುವುದು ಮರ್ಯಾದೆಯಲ್ಲ. ವಯಸ್ಕರ ಸಂಜೆ ಮಾರುವುದು ಈ ಗುಂಡಿಯನ್ನು. ಉಳಿದದ್ದು ಅಲಂಕಾರ.

ಗುಂಡಿ ಒತ್ತುವ ಸಂಗ್ರಹಾಲಯ ಭಾರತಕ್ಕೆ ಬಂದದ್ದು 1959ರಲ್ಲಿ, ಕೋಲ್ಕತ್ತದ ಬಿರ್ಲಾ ಸಂಗ್ರಹಾಲಯದೊಂದಿಗೆ. 1962ರ ಜುಲೈನಲ್ಲಿ ನೆಹರೂ ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯವನ್ನು ಉದ್ಘಾಟಿಸಿದರು. ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಕೂಡಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದ್ದೂ ಅದೇ 1962ರಲ್ಲಿ. ಅವಳಿ ನಗರಕ್ಕೆ ತನ್ನದೇ ಗುಂಡಿಗಳು ಸಿಗಲು ಮಾತ್ರ ಮತ್ತೆ ಐವತ್ತು ವರ್ಷ ಕಾಯಬೇಕಾಯಿತು. ಕರ್ನಾಟಕ ಕಾಲೇಜಿನ ಮಗ್ಗುಲಿಗೆ ಧಾರವಾಡ ಪ್ರಾದೇಶಿಕ ವಿಜ್ಞಾನ ಕೇಂದ್ರ ಬಾಗಿಲು ತೆರೆದದ್ದು 2012ರಲ್ಲಿ. ಅಷ್ಟರೊಳಗೆ ಎರಡು ತಲೆಮಾರಿನ ಹುಡುಗರು ಒಂದು ಗುಂಡಿಯನ್ನೂ ಒತ್ತದೆ ದೊಡ್ಡವರಾಗಿ, ಕ್ಲಾರ್ಕು, ವಕೀಲ, ಪ್ರಾಧ್ಯಾಪಕರಾಗಿ ನಿವೃತ್ತಿಯ ಅಂಚಿಗೆ ಬಂದಿದ್ದರು. ವಯಸ್ಕರ ಸಂಜೆಗೆ ಇಷ್ಟು ಹದವಾದ ಊರು ಬೇರೆ ಇಲ್ಲ. ಇಷ್ಟಾಗಿಯೂ ಅಂಥ ಸಂಜೆ ಇಲ್ಲಿ ರೂಢಿಗೆ ಬಂದಿಲ್ಲ.

ಬಂದರೆ ಜನ ಎಲ್ಲಿ ನಿಲ್ಲುತ್ತಾರೆ ಎಂದು ಹೇಳುವುದು ಕಷ್ಟವಲ್ಲ. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಡೊಂಕು ಕನ್ನಡಿಗಳ ಒಂದು ಸಾಲು ಇರುತ್ತದೆ. ನಿಂತ ಕೊಳವೆಯ ಹಾಗೆ ಹೊರಕ್ಕೆ ಉಬ್ಬಿದ ಕನ್ನಡಿ ಅಗಲವನ್ನಷ್ಟೇ ಕಿರಿದು ಮಾಡುತ್ತದೆ, ಎತ್ತರವನ್ನು ಮುಟ್ಟುವುದಿಲ್ಲ. ಹಾಗಾಗಿ ಎದುರಿಗೆ ನಿಂತವರು ತೆಳ್ಳಗೆ, ಬೆಳ್ಳಿತೆರೆಯ ನಾಯಕರಂತೆ ಕಾಣುತ್ತಾರೆ. ಅದೇ ಕನ್ನಡಿಯನ್ನು ಅಡ್ಡ ಮಲಗಿಸಿದರೆ ಎತ್ತರ ಕುಗ್ಗಿ, ಅಗಲ ಇದ್ದಷ್ಟೇ ಉಳಿದು, ಮನುಷ್ಯ ಹಗೇವಿನ ಬಾಯಿಗೆ ಮುಚ್ಚಿಡಬಹುದಾದ ಆಕಾರಕ್ಕೆ ಬರುತ್ತಾನೆ. ಹುಡುಗರು ಎರಡನೆಯದರ ಮುಂದೆ ಬಿದ್ದು ಬಿದ್ದು ನಗುತ್ತಾರೆ. ವಯಸ್ಕರು ಎರಡನೆಯದನ್ನು ಕಣ್ಣಂಚಿನಲ್ಲಿ ದಾಟಿ ಮೊದಲನೆಯದರ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ. ಕನ್ನಡಿಯೇ ತೆಳ್ಳಗೆ ಮಾಡುತ್ತಿರುವಾಗ ಹೊಟ್ಟೆ ಎಳೆದುಕೊಳ್ಳುವುದು ಯಾಕೆ ಎಂಬುದಕ್ಕೆ ದೃಗ್ವಿಜ್ಞಾನದಲ್ಲಿ ಉತ್ತರವಿಲ್ಲ.

ಪಿಸುಮಾತಿನ ತಟ್ಟೆಗಳದು ಇನ್ನೊಂದು ಬಗೆ. ಆಳೆತ್ತರದ ಎರಡು ಬೋಗುಣಿಗಳನ್ನು ಬಹು ದೂರದಲ್ಲಿ ಎದುರುಬದುರು ನಿಲ್ಲಿಸಿರುತ್ತಾರೆ. ಒಂದರ ನಾಭಿಯಲ್ಲಿ ಬಾಯಿಟ್ಟು ಪಿಸುಗುಟ್ಟಿದರೆ ಸದ್ದು ತಟ್ಟೆಗೆ ಬಡಿದು ನೆಟ್ಟಗೆ ಹೊರಟು, ಎದುರಿನ ತಟ್ಟೆಯ ನಾಭಿಯಲ್ಲಿ ಮತ್ತೆ ಒಂದಾಗುತ್ತದೆ. ಅಲ್ಲಿ ಕಿವಿಯಿಟ್ಟವರಿಗೆ ಅಕ್ಷರ ಅಕ್ಷರವಾಗಿ ಕೇಳುತ್ತದೆ. ಮಕ್ಕಳು ಇದರಲ್ಲಿ ಗೆಳೆಯರ ಅಡ್ಡಹೆಸರು ಕೂಗುತ್ತಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಜೋಡಿಯನ್ನು ಎರಡೂ ಕಡೆ ನಿಲ್ಲಿಸಿದರೆ ಪ್ರಯೋಗಕ್ಕೆ ನಿಜವಾದ ತೂಕ ಬರುತ್ತದೆ. ಒಂದೇ ಸೋಫಾದಲ್ಲಿ ಕೂತು ಮೂರು ಸಲ ಹೇಳಿದರೂ ಕೇಳಿಸದೆ ಹೋದ ಗ್ಯಾಸ್ ಸಿಲಿಂಡರಿನ ಸಂಗತಿ, ಇಲ್ಲಿ ದೂರದಿಂದ ಮೆಲ್ಲಗೆ ಹೇಳಿದರೂ ಪೂರ್ತಿ ಕೇಳುತ್ತದೆ. “ಈಗ ಕೇಳಿಸ್ತೇನ್ರಿ?” ಎಂಬುದು ಆ ಕಡೆಯಿಂದ ಬರುವ ಎರಡನೆಯ ವಾಕ್ಯ.

ಕನ್ನಡಿ, ತಟ್ಟೆಗಳು ವಿಜ್ಞಾನ ಕೇಂದ್ರದ ಪಾಲಾದರೆ, ಕಲ್ಲು ಮತ್ತು ತಾಳೆಗರಿಯ ವಿಭಾಗ ಕನ್ನಡ ಸಂಶೋಧನ ಸಂಸ್ಥೆಗೆ ಸೇರಿದ್ದು. 1939ರಲ್ಲಿ, ಧಾರವಾಡ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ ಹುಟ್ಟಿ, ಈಗ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಗಿರುವ ಈ ಸಂಸ್ಥೆಯ ಸಂಗ್ರಹಾಲಯ ಮೇಲುನೋಟಕ್ಕೆ ಗಂಭೀರ. ಆದರೆ ಅವಳಿ ನಗರದಲ್ಲಿ ವಯಸ್ಕರಿಗೆಂದೇ ಹೇಳಿ ಮಾಡಿಸಿದ ವಸ್ತು ಇರುವುದು ಇಂಥ ಕಡೆಯೇ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಯಲ್ಲಿ ಕಾಳಗ: ಕತ್ತಿ, ಗುರಾಣಿ, ಅನೇಕ ಕಲ್ಲುಗಳಲ್ಲಿ ಬದಿಗೆ ಕದ್ದೊಯ್ದ ದನಗಳು. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ತುದಿಯ ಪಟ್ಟಿಯಲ್ಲಿ ಆತ ಶಿವಲಿಂಗದ ಮುಂದೆ ಕೂತಿರುತ್ತಾನೆ. ಮೇಲೆ ಸೂರ್ಯ, ಚಂದ್ರ. ಶಾಲೆಯ ಮಕ್ಕಳನ್ನು ಕರೆತಂದ ಮಾಸ್ತರರು ಕತ್ತಿಯನ್ನು ವಿವರಿಸುತ್ತಾರೆ, ಲಿಂಗವನ್ನು ವಿವರಿಸುತ್ತಾರೆ, ನಡುವಿನ ಪಟ್ಟಿಯ ಹತ್ತಿರ ಸ್ವಲ್ಪ ಕೆಮ್ಮುತ್ತಾರೆ. ವಯಸ್ಕರ ಸಂಜೆಯಲ್ಲಿ ಪ್ರಶ್ನೆಗಳು ನಡುವಿನ ಪಟ್ಟಿಯಿಂದಲೇ ಏಳುತ್ತವೆ: ಹೆಂಡತಿ ಇದ್ದವನಿಗೂ ಇದೇ ವ್ಯವಸ್ಥೆಯೇ? ಉತ್ತರ ಪಕ್ಕದ ಮಾಸ್ತಿಗಲ್ಲಿನಲ್ಲಿದೆ. ಬಳೆ ತೊಟ್ಟ ತೋಳೊಂದು ಕಂಬದಿಂದ ಚಾಚಿ ಮೇಲಕ್ಕೆದ್ದಿರುತ್ತದೆ. ಅದು ಗಂಡನ ಹಿಂದೆಯೇ ಚಿತೆಯೇರಿದವಳ ಗುರುತು. ಅಲ್ಲಿಗೆ ಬಂದಾಗ ನಗು ತಾನಾಗಿ ನಿಲ್ಲುತ್ತದೆ, ನಿಲ್ಲಬೇಕಾದದ್ದೇ.

ದಾನಶಾಸನಗಳ ಮುಂದೆ ಅದು ಮತ್ತೆ ಶುರುವಾಗುತ್ತದೆ. ಶಾಸನವೆಂದರೆ ರಾಜರ ಬಿರುದಾವಳಿ ಎಂದು ಪಠ್ಯಪುಸ್ತಕ ಓದಿದವರ ತಿಳುವಳಿಕೆ. ಬಿರುದು ಮುಗಿದ ಮೇಲೆ ಬರುವುದು ಶುದ್ಧ ಆಸ್ತಿ ವ್ಯವಹಾರ: ಎಷ್ಟು ಮತ್ತರು ಭೂಮಿ, ಯಾವ ಕೋಲಿನಿಂದ ಅಳೆದದ್ದು, ಮೂಡಲಿಗೆ ಯಾವ ಮರ, ತೆಂಕಲಿಗೆ ಯಾವ ಹಳ್ಳ, ಯಾರು ಸಾಕ್ಷಿ. ಇದನ್ನು ಒಂಬತ್ತನೆಯ ಇಯತ್ತೆಯ ಹುಡುಗನಿಗೆ ಓದಿ ಹೇಳುವುದು ದಂಡ. ಉಪನೋಂದಣಾಧಿಕಾರಿಗಳ ಕಚೇರಿಯ ಬಾಕಿನ ಮೇಲೆ ಅರ್ಧ ಆಯುಷ್ಯ ಕಳೆದ, ನವಲಗುಂದದ ಹೊಲಕ್ಕೋಸ್ಕರ ಅಣ್ಣತಮ್ಮಂದಿರ ಜೊತೆ ಕೋರ್ಟು ಹತ್ತಿದ ಮನುಷ್ಯನಿಗೆ ಓದಿ ಹೇಳಿದರೆ ಆತ ಕನ್ನಡಕ ಒರೆಸಿಕೊಂಡು ಹತ್ತಿರ ಬರುತ್ತಾನೆ. ಕೊನೆಯಲ್ಲಿ ಶಾಪ. ಈ ದಾನವನ್ನು ಕಾಪಾಡಿದವನಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆಗಳನ್ನು ದಾನ ಕೊಟ್ಟ ಪುಣ್ಯ. ಅಳಿಪಿದವನಿಗೆ ಅದೇ ವಾರಣಾಸಿಯಲ್ಲಿ ಅಷ್ಟೇ ಕಪಿಲೆಗಳನ್ನು ಕೊಂದ ಪಾಪ. ಭೂಮಿ ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬುದೂ ಹಲವು ಶಾಸನಗಳಲ್ಲಿದೆ. ಒತ್ತುವರಿ ತೆರವಿಗೆ ಇಷ್ಟು ನಿಚ್ಚಳವಾದ ನೋಟೀಸನ್ನು ಈಚಿನ ಯಾವ ಪಾಲಿಕೆಯೂ ಕೊಟ್ಟಿಲ್ಲ. ಒಂದು ಸಂಜೆಗೆ ‘ಆಸ್ತಿ ಮತ್ತು ಶಾಪ’ ಎಂದು ವಿಷಯ ಇಟ್ಟರೆ ಧಾರವಾಡ ಹೈಕೋರ್ಟ್ ಪೀಠದ ವಕೀಲರ ಸಂಘವೊಂದೇ ಸಭಾಂಗಣ ತುಂಬಿಸೀತು.

ಹುಬ್ಬಳ್ಳಿಯ ಪಾಲಿನದು ಗದಗ ರಸ್ತೆಯ ರೈಲ್ವೆ ಸಂಗ್ರಹಾಲಯ, 2020ರ ಆಗಸ್ಟ್‌ನಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಎಂದು ಎರಡು ಹಳೆಯ ಬಂಗಲೆ, ಅಂಗಳದಲ್ಲಿ ಹಳೆಯ ಗಾಡಿಗಳು, ಮಕ್ಕಳಿಗೆ ಪುಟ್ಟ ರೈಲು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಇಲ್ಲಿ ಕಾರ್ಖಾನೆ ಕಟ್ಟಿದಂದಿನಿಂದ ಹುಬ್ಬಳ್ಳಿಯ ಅರ್ಧ ಊರು ರೈಲಿನ ಮಾತನ್ನೇ ಆಡುತ್ತ ಬಂದಿದೆ. 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ್ದೆಂಬ ಪ್ಲಾಟ್‌ಫಾರ್ಮ್ ಇರುವುದೂ ಇದೇ ಊರಲ್ಲಿ. ಆದ್ದರಿಂದ ಇಲ್ಲಿಯ ವಯಸ್ಕರ ಸಂಜೆಗೆ ಉಪನ್ಯಾಸಕರನ್ನು ಕರೆಸುವುದು ಅಪಾಯದ ಕೆಲಸ. ಎದುರಿನ ಸಾಲಿನಲ್ಲಿ ನಿವೃತ್ತ ಗಾರ್ಡು, ನಿವೃತ್ತ ಫಿಟ್ಟರು, ನಿವೃತ್ತ ಟಿಕೆಟ್ ಕಲೆಕ್ಟರು ಕೂತಿರುತ್ತಾರೆ. “ಸರ, ಒಂದ್ ನಿಮಿಷ, ಅದು ಹಂಗಲ್ಲ” ಎಂದು ಒಬ್ಬರು ಏಳುತ್ತಾರೆ. ಅವರು ಹೇಳಿದ್ದೂ ಹಂಗಲ್ಲ ಎಂದು ಇನ್ನೊಬ್ಬರು. ಮೀಟರ್ ಗೇಜಿನ ಕಾಲದ ಗಾಡಿಯೊಂದು ಅಳ್ನಾವರಕ್ಕೆ ಎಷ್ಟು ಹೊತ್ತಿಗೆ ಬರುತ್ತಿತ್ತು ಎಂಬ ಚರ್ಚೆ, ಆ ಗಾಡಿ ತಡವಾಗಿ ಬರುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿಸಿದ ಉತ್ಸವ ರಾಕ್ ಗಾರ್ಡನ್ನೂ ಈ ಲೆಕ್ಕಕ್ಕೆ ಸೇರಬೇಕು. ಅಲ್ಲಿಯ ಸಿಮೆಂಟಿನ ರೈತ, ಕುಂಬಾರ, ಗೌಳಿಗರನ್ನು ನೋಡಿ ಮಕ್ಕಳು ಇವರೆಲ್ಲ ಯಾರು ಎಂದು ಕೇಳಿದರೆ, ಹಿರಿಯರು ಯಾವ ಮೂರ್ತಿ ತಮ್ಮ ಯಾವ ಕಾಕಾನ ಹಾಗಿದೆ ಎಂದು ಗುರುತು ಹಚ್ಚುತ್ತಾರೆ.

ಇನ್ನು ಪ್ರವೇಶದ ಅರ್ಹತೆ. ಹೊರದೇಶದಲ್ಲಿ ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಕೈಗೆ ಪಟ್ಟಿ ಕಟ್ಟಿದರೆ ಮುಗಿಯಿತು. ಇಲ್ಲಿ ವಯಸ್ಕ ಯಾರು ಎಂಬುದೇ ಮೊದಲು ಇತ್ಯರ್ಥವಾಗಬೇಕು. ಹದಿನೆಂಟಕ್ಕೆ ಮತ ಹಾಕಬಹುದು. ಗಂಡಸು ಲಗ್ನವಾಗಲು ಇಪ್ಪತ್ತೊಂದು ತುಂಬಬೇಕು, ಲೋಕಸಭೆಗೆ ನಿಲ್ಲಲು ಇಪ್ಪತ್ತೈದು. ಧಾರವಾಡದ ಮನೆತನಗಳಲ್ಲಿ ತಂದೆ ಇರುವ ತನಕ ಮಗ ‘ಸಣ್ಣಾಂವ’ನೇ, ಆತನ ತಲೆ ಬೋಳಾಗಿದ್ದರೂ ಸರಿ. ಐವತ್ತೆರಡರ ‘ಸಣ್ಣಾಂವ’ ರಾತ್ರಿ ಎಂಟರ ಮೇಲೆ ಹೊರಗೆ ಹೋಗಬೇಕಾದರೆ ಅಪ್ಪನ ಕುರ್ಚಿಯ ಮುಂದಿನಿಂದಲೇ ಹಾಯಬೇಕು. “ಎಲ್ಲಿಗೆ?” “ಮ್ಯೂಸಿಯಮ್ಮಿಗೆ.” “ಈ ಹೊತ್ತಿನ್ಯಾಗ? ಯಾರ್ ಸತ್ತಾರ?” ಮಕ್ಕಳನ್ನು ಯಾರ ಹತ್ತಿರ ಬಿಡುವುದೆಂಬ ಪ್ರಶ್ನೆಗೆ ಉತ್ತರವೂ ಅದೇ ಕುರ್ಚಿಯ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿರುತ್ತದೆ. ಆದರೆ ಅವ್ವಗೂ ಬರುವ ಮನಸ್ಸಿರುತ್ತದೆ, ವಯಸ್ಸಿನ ಅರ್ಹತೆಯಂತೂ ಎಲ್ಲರಿಗಿಂತ ಹೆಚ್ಚಿಗೆಯೇ ಇರುತ್ತದೆ.

ಪಾನೀಯದ ವಿಷಯದಲ್ಲಿ ಕಾನೂನೇ ಎರಡು ಮನಸ್ಸಿನದು. ಕರ್ನಾಟಕ ಅಬಕಾರಿ ಕಾಯ್ದೆ ಹದಿನೆಂಟರ ಕೆಳಗಿನವರಿಗೆ ಮದ್ಯ ಮಾರಬೇಡಿ ಎನ್ನುತ್ತದೆ. ಅದರಡಿ 1967ರಲ್ಲಿ ಮಾಡಿದ ನಿಯಮ ಇಪ್ಪತ್ತೊಂದರ ಕೆಳಗಿನವರಿಗೆ ಮಾರಬೇಡಿ ಎನ್ನುತ್ತದೆ. 2023ರಲ್ಲಿ ಎರಡನ್ನೂ ಹದಿನೆಂಟಕ್ಕೆ ತಂದು ನಿಲ್ಲಿಸಲು ಸರಕಾರ ಕರಡು ಹೊರಡಿಸಿ, ಗದ್ದಲವಾದ ಮೇಲೆ ಕೈಬಿಟ್ಟಿತು. ಅವಳಿ ನಗರದಲ್ಲಿ ಈ ತೊಡಕು ಏಳುವುದಿಲ್ಲ, ಯಾಕೆಂದರೆ ಸಭ್ಯ ಸಂಜೆಯ ಪಾನೀಯ ಇಲ್ಲಿ ಚಹಾ, ಅದೂ ಅರ್ಧರ್ಧ ಕಪ್ಪು. ತೊಡಕಿರುವುದು ಜೊತೆಗೆ ಬರುವ ಗಿರ್ಮಿಟ್ಟಿನಲ್ಲಿ. ಚುರಮುರಿಗೆ ಹುಣಸೆ-ಬೆಲ್ಲದ ಗೊಜ್ಜು ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿದ ತಟ್ಟೆಯ ಅಂಚಿಗೆ ಬಿಸಿ ಮಿರ್ಚಿ ಇಟ್ಟು ಕೊಟ್ಟರೆ, ಐದು ಬೆರಳಿಗೂ ಎಣ್ಣೆ. ತಾಳೆಗರಿಯನ್ನು ಹುಳ ಹಿಡಿಯದಂತೆ ಕಾಯಲು ಗ್ರಂಥಪಾಲಕರೂ ಎಣ್ಣೆ ಹಚ್ಚುತ್ತಾರೆ. ಅದು ಮಜ್ಜಿಗೆ ಹುಲ್ಲಿನ ಜಾತಿಯ ಹುಲ್ಲಿನಿಂದ ತೆಗೆದ ಎಣ್ಣೆ, ಮಿರ್ಚಿಯದಲ್ಲ. ಎರಡು ಎಣ್ಣೆಗಳ ನಡುವೆ ಒಂದು ಗೋಡೆ ಮತ್ತು ಒಂದು ಕೈತೊಳೆಯುವ ನಳ ಇರಲೇಬೇಕು.

ಹಾಗೆ ನೋಡಿದರೆ ವಯಸ್ಕರ ಸಂಜೆ ಧಾರವಾಡಕ್ಕೆ ಹೊಸದಲ್ಲ, ಅದಕ್ಕೆ ಟಿಕೆಟ್ ಇರಲಿಲ್ಲ ಅಷ್ಟೇ. ಜಿ.ಬಿ. ಜೋಶಿ 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಕಚೇರಿ ಸುಭಾಸ ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಜಾಗದಲ್ಲಿತ್ತು. ಊರು ಅದನ್ನು ‘ಅಟ್ಟ’ ಎಂದೇ ಕರೆಯಿತು. ಕೀರ್ತಿನಾಥ ಕುರ್ತಕೋಟಿ ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಲ್ಲಿಂದ ಬಂತು, ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ. ಹಳೆಯ ಪುಸ್ತಕ, ಹಸ್ತಪ್ರತಿ, ಪ್ರೂಫು: ಸಂಗ್ರಹಾಲಯಕ್ಕೆ ಬೇಕಾದ ಸಾಮಗ್ರಿಯೆಲ್ಲ ಇತ್ತು. ಮಕ್ಕಳು ಬರಬಾರದೆಂಬ ಬೋರ್ಡು ಬೇಕಾಗಿರಲಿಲ್ಲ. ನವ್ಯಕಾವ್ಯದ ಚರ್ಚೆ ನಡೆಯುವಲ್ಲಿಗೆ ಯಾವ ಮಗು ತಾನಾಗಿ ಮೆಟ್ಟಿಲು ಹತ್ತೀತು? ಯಾಕೆ ಯಯಾತಿ ಮಗನ ಯೌವನ ಕೇಳಿದ ಎಂಬ ಪ್ರಶ್ನೆ ನಡುವಯಸ್ಸು ದಾಟಿದವರ ಗುಂಪಿನಲ್ಲಿ ಎದ್ದರೆ ಅದಕ್ಕೆ ಬೇರೆಯದೇ ಕಾವು ಇರುತ್ತದೆ. ಲಂಡನ್ನಿನಲ್ಲಿ ಹೆಡ್‌ಫೋನ್ ಹಾಕಿ ಕುಣಿಯುವವರಿಗೆ ಈ ಸೌಲಭ್ಯವಿಲ್ಲ.

ಕೊನೆಯದು, ಮರಳುವ ವ್ಯವಸ್ಥೆ. ಬರ್ಲಿನ್ನಿನವರು ಸಂಗ್ರಹಾಲಯಗಳ ನಡುವೆ ಬಸ್ಸನ್ನು ಹೊಸದಾಗಿ ಓಡಿಸಬೇಕಾಯಿತು. ಹುಬ್ಬಳ್ಳಿ ಧಾರವಾಡಗಳ ನಡುವಿನ ಸುಮಾರು ಇಪ್ಪತ್ತು ಕಿಲೋಮೀಟರಿಗೆ ಚಿಗರಿ ಬಸ್ಸು ತನ್ನದೇ ದಾರಿಯಲ್ಲಿ ಮೊದಲೇ ಓಡುತ್ತಿದೆ. ಹೀಗಾಗಿ ಧಾರವಾಡದಲ್ಲಿ ನಡೆಯುವ ಯಾವುದೇ ಸಂಜೆಯಲ್ಲಿ ಹುಬ್ಬಳ್ಳಿಯವರು ಗಡಿಯಾರ ನೋಡಿ ಮೊದಲು ಏಳುತ್ತಾರೆ, “ಬರ್ತೀವ್ರಿ” ಎಂದು ಮೂರು ಸಲ ಹೇಳಿ, ಮಿಕ್ಕ ಮಾತನ್ನು ಗೇಟಿನಲ್ಲಿ ಮುಗಿಸಿ ಹೋಗುತ್ತಾರೆ. ಧಾರವಾಡದವರು ಕೂತೇ ಇರುತ್ತಾರೆ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಬೇರೆ ಮಹಾನಗರ ಪಾಲಿಕೆ ಕೊಡಲು ಒಪ್ಪಿದ ಮೇಲಂತೂ ಅವರಿಗೆ ಮಾತಿನ ಕೊರತೆಯಿಲ್ಲ. ಎದ್ದು ಹೋದವರ ವ್ಯಾಪಾರಿ ಬುದ್ಧಿ, ಅವರ ಊರಿನ ಧೂಳು, ಅವರಿಗೆ ಸಂಗೀತ ತಿಳಿಯುತ್ತದೆಯೋ ಇಲ್ಲವೋ ಎಂಬುದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಚಿಗರಿಯಲ್ಲಿ ನವನಗರ ದಾಟುತ್ತಿರುವವರು ಧಾರವಾಡದವರ ಫೇಡೆಯ ಅಹಂಕಾರದ ಬಗ್ಗೆ ಮಾತಾಡುತ್ತಿರುತ್ತಾರೆ. ಸಂಜೆಯ ಈ ಭಾಗಕ್ಕೆ ಯಾವ ಸಂಗ್ರಹಾಲಯವೂ ಟಿಕೆಟ್ ಇಟ್ಟದ್ದಿಲ್ಲ.